ಸೊಂಟಕ್ಕೊಂದು ಡಬ್ಬಿ: ಘಟ್ಟದ ಚಾರಣಕ್ಕೆ ಆಪತ್ಕಾಲದ ಕಿಟ್ ಕಟ್ಟುವುದು ಹೀಗೆ

ಆನ್‌ಲೈನ್‌ನಲ್ಲಿ ‘ಸರ್ವೈವಲ್ ಕಿಟ್’ ಅಂತ ಹುಡುಕಿದರೆ ಚೆಂದದ ಕಪ್ಪು ಪೆಟ್ಟಿಗೆಗಳು ಸಾಲುಗಟ್ಟಿ ಬರುತ್ತವೆ. ಒಳಗೆ ಮೀನಿನ ಗಾಳ, ಉರುಲಿನ ತಂತಿ, ತಂತಿ ಗರಗಸ, ಗೇಣುದ್ದದ ಚಾಕು. ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಹೊರಟವರಿಗೆ ಇದರಲ್ಲಿ ಮುಕ್ಕಾಲು ಪಾಲು ಬೇಡ. ಅಭಯಾರಣ್ಯದಲ್ಲಿ ಉರುಲು ಹಾಕಿದರೆ ಕಾಡಿನಿಂದ ಬಚಾವಾದರೂ ಕೇಸಿನಿಂದ ಬಚಾವಾಗುವುದು ಕಷ್ಟ!

ನಮ್ಮ ಘಟ್ಟದಲ್ಲಿ ದಾರಿ ತಪ್ಪಿದವರನ್ನು ಮೊದಲು ಕಾಡುವುದು ಹಸಿವಲ್ಲ. ಮಳೆ, ಚಳಿಗಾಳಿ, ಕತ್ತಲೆ, ಮತ್ತೆ ಎಷ್ಟು ಕೂಗಿದರೂ ಯಾರಿಗೂ ಕೇಳಿಸದಿರುವುದು. ಚಾರಣಿಗರು ಮೂರರ ಲೆಕ್ಕ ಅಂತ ಒಂದನ್ನು ಹೇಳುತ್ತಾರೆ. ಕೆಟ್ಟ ಹವೆಯಲ್ಲಿ ಆಸರೆ ಇಲ್ಲದೆ 3 ಗಂಟೆ, ನೀರಿಲ್ಲದೆ 3 ದಿನ, ಊಟವಿಲ್ಲದೆ 3 ವಾರ. ಅಂದಾಜು ಲೆಕ್ಕ ಅಷ್ಟೆ. ಆದರೆ ಡಬ್ಬಿಯಲ್ಲಿ ಯಾವುದಕ್ಕೆ ಮೊದಲು ಜಾಗ ಕೊಡಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ. ಹುಡುಕುವವರು ಬರುವ ತನಕ ಒಂದೆರಡು ರಾತ್ರಿ ನಿಮ್ಮನ್ನು ಬೆಚ್ಚಗಿಟ್ಟು, ನೀವಿರುವ ಜಾಗ ತಿಳಿಸಿದರೆ ಕಿಟ್‌ನ ಕೆಲಸ ಮುಗಿಯಿತು.

1. ಡಬ್ಬಿ ಆರಿಸಿ

ಮನೆಯಲ್ಲಿರುವ ಚಿಕ್ಕ ಸ್ಟೀಲ್ ಟಿಫಿನ್ ಡಬ್ಬಿ ಸಾಕು. ಪ್ಲಾಸ್ಟಿಕ್ ಬೇಡ. ಸ್ಟೀಲ್ ಆದರೆ ಅದರಲ್ಲೇ ನೀರು ಹಿಡಿಯಬಹುದು, ಅಗತ್ಯ ಬಿದ್ದರೆ ಕಾಯಿಸಬಹುದು. ಸೈಕಲ್ ಅಂಗಡಿಯಲ್ಲಿ ಹಳೇ ಟ್ಯೂಬಿನ ತುಂಡು ಕೇಳಿ ತನ್ನಿ. ಅದನ್ನು ಅಗಲ ಪಟ್ಟಿಯಾಗಿ ಕತ್ತರಿಸಿ ಮುಚ್ಚಳದ ಅಂಚಿಗೆ ಬಿಗಿಯಾಗಿ ಹಾಕಿದರೆ ನೀರು ಒಳಗೆ ಹೋಗುವುದು ಬಹಳ ಕಡಿಮೆ. ಅದೇ ರಬ್ಬರ್ ಒದ್ದೆಯಾದರೂ ಹೊತ್ತಿ ಉರಿಯುತ್ತದೆ. ಎಲ್ಲ ಸೇರಿ ಅರ್ಧ ಕಿಲೋ ದಾಟದಿರಲಿ.

ಡಬ್ಬಿ ಬ್ಯಾಗಿನೊಳಗಲ್ಲ, ಸೊಂಟದ ಚೀಲದಲ್ಲಿ ಇರಬೇಕು. ‘ಇಲ್ಲೇ ಆ ಬಂಡೆ ಹತ್ತಿರ ಹೋಗಿ ಫೋಟೊ ತೆಗೆದು ಬರ್ತೀನಿ’ ಅಂತ ಬ್ಯಾಗ್ ಇಳಿಸಿ ಹೋದಾಗಲೇ ಮಂಜು ಮುಚ್ಚಿಕೊಳ್ಳುವುದು. ಬ್ಯಾಗ್ ಅಲ್ಲಿ, ನೀವು ಇಲ್ಲಿ.

2. ಮೈ ಒಣಗಿರಲು

ಇದಕ್ಕೇ ಜಾಸ್ತಿ ಜಾಗ ಕೊಡಿ. ಎರಡು ವಸ್ತು ಬೇಕು. ಮೊದಲನೆಯದು ಕಸ ತುಂಬುವ ದೊಡ್ಡ, ದಪ್ಪ ಕಪ್ಪು ಚೀಲ. ಅಂಗಡಿಯಲ್ಲಿರುವುದರಲ್ಲೇ ದೊಡ್ಡದು ಕೇಳಿ. ಮುಚ್ಚಿದ ತುದಿಯ ಒಂದು ಮೂಲೆಯಲ್ಲಿ ಮುಖದಷ್ಟು ತೂತು ಮಾಡಿ ತಲೆಯಿಂದ ಕೆಳಗೆ ಇಳಿಸಿಕೊಂಡರೆ ರೇನ್‌ಕೋಟ್. ಮಂಡಿ ಮಡಚಿ ಕುಳಿತರೆ ಪುಟ್ಟ ಟೆಂಟ್. ಮೂಗು, ಬಾಯಿ ಯಾವಾಗಲೂ ಹೊರಗೇ ಇರಬೇಕು.

ಎರಡನೆಯದು ಬೆಳ್ಳಿ ಬಣ್ಣದ ಎಮರ್ಜೆನ್ಸಿ ಹೊದಿಕೆ. ಅಂಗೈಯಗಲಕ್ಕೆ ಮಡಚಿಕೊಳ್ಳುತ್ತದೆ. 1960ರ ದಶಕದಲ್ಲಿ ನಾಸಾ ಬಾಹ್ಯಾಕಾಶದ ಕೆಲಸಕ್ಕೆ ಬೆಳೆಸಿದ ತಂತ್ರವಿದು. ಲೋಹದ ತೆಳು ಲೇಪ ಮೈಯ ಶಾಖವನ್ನು ಮೈಗೇ ವಾಪಸ್ ಕಳಿಸುತ್ತದೆ. ಆದರೆ ಬೇಗ ಹರಿಯುತ್ತದೆ. ಅದಕ್ಕೇ ಬೆಳ್ಳಿ ಹೊದಿಕೆ ಒಳಗೆ, ಕಪ್ಪು ಚೀಲ ಹೊರಗೆ.

ಒಂದು ಮಾತು ನೆನಪಿಡಿ. ಮೇಲಿನ ಗಾಳಿಯಷ್ಟೇ ಕೆಳಗಿನ ನೆಲವೂ ಶಾಖ ಎಳೆಯುತ್ತದೆ. ಒಣ ತರಗೆಲೆಯೋ, ಖಾಲಿ ಬ್ಯಾಗೋ ಏನಾದರೂ ಕೆಳಗೆ ಹಾಕಿಕೊಂಡೇ ಕೂರಿ. ಜೀನ್ಸ್ ಹಾಕಿಕೊಂಡು ಘಟ್ಟ ಹತ್ತುವವರಿಗೆ ಯಾವ ಕಿಟ್ ಕೊಟ್ಟರೂ ಅಷ್ಟಕ್ಕಷ್ಟೇ. ಒದ್ದೆ ಹತ್ತಿಬಟ್ಟೆ ಮೈಯನ್ನು ತಣ್ಣಗೆ ಮಾಡುತ್ತಲೇ ಇರುತ್ತದೆ.

ಜೊತೆಗೆ 10 ಮೀಟರ್ ತೆಳು ನೈಲಾನ್ ಹಗ್ಗ, ಒಂದು ಚಿಕ್ಕ ಮಡಚುವ ಚಾಕು.

3. ಸದ್ದು ಮತ್ತು ಬೆಳಕು

ಕಿಟ್‌ನಲ್ಲಿ ಒಂದೇ ಒಂದು ವಸ್ತು ಇಡಬಹುದು ಅಂದರೆ ನಾನು ಸೀಟಿ ಇಡುತ್ತೇನೆ. ಗಂಟಲು ಬೇಗ ಕಟ್ಟುತ್ತದೆ, ಸೀಟಿ ಕಟ್ಟುವುದಿಲ್ಲ. ಒಳಗೆ ಗುಂಡು ಇಲ್ಲದ ಪ್ಲಾಸ್ಟಿಕ್ ಸೀಟಿ ತಗೊಳ್ಳಿ, ಒದ್ದೆಯಾದರೂ ಊದುತ್ತದೆ. ಮೂರು ಸಲ ಊದಿ, ಒಂದು ನಿಮಿಷ ಸುಮ್ಮನಿದ್ದು ಕಿವಿಗೊಡಿ, ಮತ್ತೆ ಮೂರು. ಇದನ್ನು ಡಬ್ಬಿಯಲ್ಲಿ ಬಚ್ಚಿಡಬೇಡಿ. ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ.

ವಿದೇಶಿ ಪಟ್ಟಿಗಳಲ್ಲಿ ಬಿಸಿಲು ಹೊಳೆಯಿಸುವ ಕನ್ನಡಿಗೆ ಭಾರೀ ಮರ್ಯಾದೆ. ಹುಲ್ಲುಗಾವಲಿನ ಬೋಳು ಗುಡ್ಡದಲ್ಲಿ ಸರಿ. ದಟ್ಟ ಶೋಲಾ ಕಾಡಿನೊಳಗೆ ಬಿಸಿಲೇ ಬೀಳುವುದಿಲ್ಲ, ಇನ್ನು ಹೊಳೆಯಿಸುವುದೇನು? ಬೇಕಾದರೆ ಡಬ್ಬಿಯ ಮುಚ್ಚಳವೇ ಸಾಕು.

ಟಾರ್ಚ್ ಹಣೆಗೆ ಕಟ್ಟುವಂಥದ್ದಾಗಿರಲಿ. ಮರಗಳ ನಡುವೆ ಊರಿಗಿಂತ ಬೇಗ ಕತ್ತಲಾಗುತ್ತದೆ. ಮೊಬೈಲ್ ಟಾರ್ಚ್ ನಂಬಿದರೆ ಬ್ಯಾಟರಿಯೂ ಹೋಯಿತು, ಫೋನೂ ಹೋಯಿತು. ಹೊರಡುವ ಮೊದಲೇ ಆ ಪ್ರದೇಶದ ಆಫ್‌ಲೈನ್ ನಕ್ಷೆ ಇಳಿಸಿಕೊಂಡು, ನಡೆಯುವಾಗ ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಆಪತ್ತು ಬಂದಾಗ ಆ ಮೋಡ್ ತೆಗೆದು ತುರ್ತು ಸಹಾಯದ ನಂಬರ್ 112ಕ್ಕೆ ಪ್ರಯತ್ನಿಸಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಸಿಗ್ನಲ್ ಸಿಕ್ಕರೆ ಆ ಕರೆ ಹೋಗಬಹುದು. ಕರೆ ನಿಲ್ಲದ ಕಡೆ ಎಸ್ಸೆಮ್ಮೆಸ್ ಕೆಲವೊಮ್ಮೆ ದಾಟುತ್ತದೆ. ಅದರಲ್ಲಿ ಅಕ್ಷಾಂಶ, ರೇಖಾಂಶದ ಅಂಕಿಗಳನ್ನೇ ಬರೆದು ಕಳಿಸಿ.

ಅಮೆರಿಕದಲ್ಲಿರುವ ನೆಂಟರು ಸ್ಯಾಟಲೈಟ್ ಮೆಸೇಂಜರ್ (ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ) ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಅಂಥದ್ದನ್ನು ಬಳಸುವಂತಿಲ್ಲ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ.

‘ಹಳ್ಳ ಹಿಡಿದು ಕೆಳಗಿಳಿದರೆ ಊರು ಸಿಗುತ್ತದೆ’ ಅನ್ನುವುದನ್ನೂ ಘಟ್ಟದಲ್ಲಿ ನಂಬಬೇಡಿ. ಇಲ್ಲಿ ಎಷ್ಟೋ ಹಳ್ಳಗಳು ಜಲಪಾತವಾಗಿ ಧುಮುಕುತ್ತವೆ. ದಾರಿ ತಪ್ಪಿತು ಅನ್ನಿಸಿದ ಕೂಡಲೇ ನಿಂತು, ಕೂತು, ಸೀಟಿ ಊದಿ. ನೀವು ಇದ್ದಲ್ಲೇ ಇದ್ದರೆ ಹುಡುಕುವವರಿಗೂ ಸುಲಭ. ಹುಡುಕುವವರು ಹೊರಡಬೇಕಲ್ಲ, ಅದಕ್ಕೆ ಹೋಗುವ ದಾರಿ, ಇಳಿಯುವ ಹೊತ್ತು, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಚೀಟಿ ಬರೆದು ಮನೆಯಲ್ಲಿ ಕೊಟ್ಟು ಬನ್ನಿ.

4. ನೀರು

ಮೆಡಿಕಲ್ ಶಾಪಿನಲ್ಲಿ ಕ್ಲೋರಿನ್ ಮಾತ್ರೆ ಸಿಗುತ್ತದೆ. ಮಾತ್ರೆ ಪಟ್ಟಿಯ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಿ. ಒಂದು ಲೀಟರಿಗೆ ಹಾಕುವ ಮಾತ್ರೆಯೇ ಬೇರೆ, ಇಡೀ ಬಿಂದಿಗೆಗೆ ಹಾಕುವ ಮಾತ್ರೆಯೇ ಬೇರೆ. ಕೆಸರು ನೀರನ್ನು ಮೊದಲು ಬಟ್ಟೆಯಲ್ಲಿ ಸೋಸಿ, ಆಮೇಲೆ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ಎರಡು ಓಆರ್‌ಎಸ್ ಪೊಟ್ಟಣ, ಒಂದೆರಡು ಕಡಲೆಮಿಠಾಯಿ ಇಲ್ಲಿಗೇ ಸೇರಲಿ. ಊಟದ ವಿಚಾರ ಅಲ್ಲಿಗೆ ಮುಗಿಯಿತು.

5. ಔಷಧಿ

ನಿಮ್ಮ ದಿನದ ಮಾತ್ರೆಗಳಿದ್ದರೆ ಎರಡು ದಿನಕ್ಕಾಗುವಷ್ಟು ಮೊದಲು ಇಡಿ. ಕ್ರೇಪ್ ಬ್ಯಾಂಡೇಜ್ ಒಂದು. ಇಳಿಯುವಾಗ ಪಾದ ಉಳುಕುವುದು ಮಾಮೂಲು. ಗಾಯದ ಪಟ್ಟಿ, ಹತ್ತಿ, ಪ್ಯಾರಾಸಿಟಮಾಲ್, ಚಿಮುಟ.

ಮಳೆಗಾಲದ ಇಂಬಳಕ್ಕೆ (ಜಿಗಣೆ) ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟುಕೊಳ್ಳಿ. ಬಿಟ್ಟ ಮೇಲೆ ರಕ್ತ ಬಹಳ ಹೊತ್ತು ಸೋರುತ್ತದೆ, ಹೆದರಬೇಡಿ, ಹತ್ತಿ ಒತ್ತಿ ಹಿಡಿಯಿರಿ. ಡಿಸೆಂಬರಿನಿಂದ ಮೇವರೆಗೆ ಮಲೆನಾಡಿಗೆ ಹೋಗುವುದಾದರೆ ರಕ್ತ ಹೀರುವ ಉಣ್ಣೆ ಹುಳುವಿನ ಬಗ್ಗೆ ಜಾಗ್ರತೆ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಇದರಿಂದಲೇ ಹರಡುತ್ತದೆ. ಕಾಯಿಲೆ ಇರುವ ಕಡೆ ಉಣ್ಣೆಯನ್ನು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡೇ ಕಾಡಿಗೆ ಕಾಲಿಡಿ. ಕಚ್ಚಿಕೊಂಡ ಉಣ್ಣೆಯನ್ನು ಹಿಸುಕದೆ ಚಿಮುಟದಿಂದ ನೇರವಾಗಿ ಎಳೆಯಿರಿ.

ಹಾವಿಗೆ ಅಂತ ಬ್ಲೇಡು, ಹೀರುವ ಪಂಪು ಇಡಬೇಡಿ. ಕುಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಮೂಳೆ ಮುರಿದವರಿಗೆ ಮಾಡುವಂತೆ ಕೋಲು ಕೊಟ್ಟು ಕಾಲು ಅಲ್ಲಾಡದ ಹಾಗೆ ಮಾಡಿ, ಆಸ್ಪತ್ರೆಗೆ ಸಾಗಿಸುವುದೇ ದಾರಿ.

6. ಬೆಂಕಿ, ಕೊನೆಗೆ

ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧ, ಬೇಸಿಗೆಯಲ್ಲಂತೂ ಅನಾಹುತ. ಮಳೆಗಾಲದಲ್ಲಿ ಹಚ್ಚೋಣವೆಂದರೂ ಸೌದೆ ಹೊತ್ತುವುದಿಲ್ಲ. ಜೀವಕ್ಕೆ ಬಂದಾಗ ಮಾತ್ರ ಅಂತ ಒಂದು ಚಿಕ್ಕ ಲೈಟರ್, ವ್ಯಾಸಲೀನ್ ಸವರಿದ ಹತ್ತಿಯ ನಾಲ್ಕು ಉಂಡೆ ಇಡಿ. ಚೆಕ್‌ಪೋಸ್ಟ್‌ನಲ್ಲಿ ಲೈಟರ್ ಬೇಡ ಅಂದರೆ ವಾದ ಮಾಡದೆ ಕೊಟ್ಟುಬಿಡಿ. ಅದಿಲ್ಲದೆಯೂ ಈ ಕಿಟ್ ನಡೆಯುತ್ತದೆ.

7. ತುಂಬಿಸಿ, ಒಮ್ಮೆ ಬಳಸಿ ನೋಡಿ

ಮೊದಲು ಬೇಕಾಗುವ ಹೊದಿಕೆ ಮತ್ತು ಟಾರ್ಚ್ ಡಬ್ಬಿಯ ಮೇಲ್ಗಡೆ ಬರಲಿ. ಅದರಲ್ಲಿ ಹಿಡಿಸದ ಕಪ್ಪು ಚೀಲವನ್ನು ಸುರುಳಿ ಸುತ್ತಿ ಸೊಂಟದ ಚೀಲದಲ್ಲೇ ಪಕ್ಕಕ್ಕಿಡಿ. ಮಳೆ ಬರುವ ದಿನ ತಾರಸಿಯಲ್ಲಿ ಕಪ್ಪು ಚೀಲ ಹೊದ್ದು ಹತ್ತು ನಿಮಿಷ ಕೂತು ನೋಡಿ. ಮನೆಯವರು ನಗಲಿ ಬಿಡಿ. ಒದ್ದೆ ಕೈಯಲ್ಲಿ ಡಬ್ಬಿ ತೆಗೆಯಲಿಕ್ಕೆ ಆಗುತ್ತದಾ, ಅದನ್ನೂ ನೋಡಿ. ಆಗದಿದ್ದರೆ ರಬ್ಬರ್ ಪಟ್ಟಿ ಸ್ವಲ್ಪ ಸಡಿಲ ಮಾಡಿ. ಟಾರ್ಚಿನ ಸೆಲ್ ಹೊರತೆಗೆದು ಬೇರೆಯಾಗಿ ಸುತ್ತಿಡಿ. ಪ್ರತಿ ಮಳೆಗಾಲ ಮುಗಿದ ಮೇಲೆ ಎಲ್ಲವನ್ನೂ ಸುರಿದು ಬಿಸಿಲಿಗೆ ಹಾಕಿ, ನೀರೊಡೆದ ಉಪ್ಪು ಮತ್ತು ದಿನಾಂಕ ಮೀರಿದ ಮಾತ್ರೆ ಬದಲಿಸಿ.