ಮುಸುಕಿನ ಜೋಳಕ್ಕೆ ಮೊದಲು ಸೆಣಬು: ಯೂರಿಯಾ ಎಷ್ಟು ತಗ್ಗಿಸಬಹುದು?

ತಾಳವಾಡಿಯ ಮಳೆಯಾಶ್ರಿತ ಹೊಲದಲ್ಲಿ ಮುಸುಕಿನ ಜೋಳಕ್ಕೆ ಮುನ್ನ ಸೆಣಬನ್ನೋ ತಡಗುಣಿಯನ್ನೋ ಬೆಳೆದು ಮಣ್ಣಿಗೆ ಸೇರಿಸಿದರೆ ಯೂರಿಯಾ ಕೊಡುವ ಸಾರಜನಕವನ್ನು ಸೊಪ್ಪೂ ಒಂದಿಷ್ಟು ಕೊಡುವುದರಿಂದ ಯೂರಿಯಾದ ಖರ್ಚು ಉಳಿಯುತ್ತದೆ ಎಂಬುದು ನಿಜ. ಆದರೆ ಎಷ್ಟು ಉಳಿಯುತ್ತದೆ ಎಂಬುದನ್ನು ಸೊಪ್ಪನ್ನು ತೂಗಿಯೇ ತೀರ್ಮಾನಿಸಬೇಕು.

ಅಶ್ವಿನಿ ಅಥವಾ ಭರಣಿ ಮಳೆಗೆ ಎಕರೆಗೆ 10ರಿಂದ 15 ಕಿಲೋ ಸೆಣಬಿನ ಬೀಜವನ್ನು ಎರಚಿ, 45 ದಿನಗಳ ಸುಮಾರಿಗೆ ಹೂವು ಕಾಣಿಸುತ್ತಲೇ ಮಣ್ಣಿಗೆ ಸೇರಿಸಬೇಕು. ಎಳೆಯ ಸೊಪ್ಪಿನಲ್ಲಿ ಸಾರಜನಕದ ಪಾಲು ಹೆಚ್ಚಿರುವುದರಿಂದ ಅದು ಬೇಗ ಕರಗುತ್ತದೆ. ಕಾಂಡ ನಾರಾದ ಮೇಲೆ ಸೇರಿಸಿದರೆ ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳೇ ಮಣ್ಣಿನ ಸಾರಜನಕವನ್ನು ಹಿಡಿದಿಟ್ಟುಕೊಂಡು, ಜೋಳದ ಪೈರು ಮೊದಲ ವಾರಗಳಲ್ಲಿ ಹಳದಿಯಾಗುತ್ತದೆ. ರಾಗಿ, ಜೋಳದ ಕೂಳೆಯನ್ನು ಉತ್ತಾಗಲೂ ಆಗುವುದು ಇದೇ. ತಡಗುಣಿಯ ಕಾಯಿಯನ್ನು ಕಿತ್ತು ಮಾರುವ ಆಸೆ ಸಹಜವೇ, ಆದರೆ ಕಾಳಿನೊಂದಿಗೆ ಸಾರಜನಕವೂ ಸಂತೆಗೆ ಹೋಗುತ್ತದೆ.

ಉಳುವ ಮುನ್ನ ಹೊಲದ ನಾಲ್ಕೈದು ಕಡೆ ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕದಲ್ಲಿ ಸೊಪ್ಪನ್ನು ಬುಡಕ್ಕೆ ಕೊಯ್ದು ಹಸಿಯಾಗಿಯೇ ತೂಗಿ, ಸರಾಸರಿ ತೆಗೆಯಿರಿ. ಚೌಕಕ್ಕೆ 2 ಕಿಲೋ ಬಂದರೆ ಎಕರೆಗೆ ಸುಮಾರು 8 ಟನ್ ಆಯಿತು. ಹಸಿ ಸೊಪ್ಪಿನ ತೂಕದಲ್ಲಿ ಸಾರಜನಕ ಶೇಕಡ 0.4ರಷ್ಟು ಎಂದು ಹಿಡಿದರೆ 32 ಕಿಲೋ. ಅದರಲ್ಲಿ ಅರ್ಧದಷ್ಟು, ಎಂದರೆ 16 ಕಿಲೋ ಮಾತ್ರ ಈ ಬೆಳೆಗೆ ಸಿಗುತ್ತದೆ ಎಂದು ಲೆಕ್ಕ ಹಾಕುವುದು ಕ್ಷೇಮ.

ಮಳೆಯಾಶ್ರಿತ ಜೋಳಕ್ಕೆ ಹೆಕ್ಟೇರಿಗೆ 100 ಕಿಲೋ, ಅಂದರೆ ಎಕರೆಗೆ 40 ಕಿಲೋ ಸಾರಜನಕ ಕೊಡಬೇಕೆಂದಿಟ್ಟುಕೊಳ್ಳೋಣ. ಬಿತ್ತುವಾಗ ಹಾಕುವ 50 ಕಿಲೋದ ಒಂದು ಮೂಟೆ ಡಿಎಪಿಯಲ್ಲಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) 9 ಕಿಲೋ ಬಂದಿರುತ್ತದೆ. ಯೂರಿಯಾದ ತೂಕದಲ್ಲಿ ಸಾರಜನಕ ಶೇಕಡ 46ರಷ್ಟೇ ಇರುವುದರಿಂದ, ಉಳಿದ 31 ಕಿಲೋಗೆ 45 ಕಿಲೋದ ಯೂರಿಯಾ ಒಂದೂವರೆ ಮೂಟೆ ಬೇಕು. ಸೊಪ್ಪಿನ 16 ಕಿಲೋ ಕಳೆದರೆ ಮುಕ್ಕಾಲು ಮೂಟೆ ಸಾಕೆಂದು ಲೆಕ್ಕ ಹೇಳುತ್ತದೆಯಾದರೂ, ಮೊದಲ ವರ್ಷ ಅರ್ಧ ಮೂಟೆಯನ್ನಷ್ಟೇ ತಗ್ಗಿಸುವುದು ನನ್ನ ಸಲಹೆ. ಮಣ್ಣು ಒಣಗಿದ್ದರೆ ಸೊಪ್ಪು ಕರಗುವುದೇ ಇಲ್ಲ. ಡಿಎಪಿಯನ್ನು ಮಾತ್ರ ಬಿಡಬಾರದು, ಎಳೆಯ ಪೈರಿಗೆ ಅದೇ ಆಸರೆ.

ಸೊಪ್ಪು ಸೇರಿಸಿ ಎರಡು ವಾರವಾದರೂ ಕಳೆದು, ಒಂದು ಹದ ಮಳೆ ಬಿದ್ದ ಮೇಲೆ ಜೋಳ ಬಿತ್ತಬೇಕು. ಭರಣಿ ಮಳೆ ಕೈಕೊಟ್ಟ ವರ್ಷ ಸೆಣಬಿನ ಗೊಡವೆಯೇ ಬೇಡ, ಏಕೆಂದರೆ ಜೋಳಕ್ಕೆ ಬೇಕಾದ ತೇವವನ್ನು ಅದೇ ಕುಡಿದುಬಿಡುತ್ತದೆ. ಯೂರಿಯಾವನ್ನು ಅರ್ಧರ್ಧ ಮಾಡಿ, ಜೋಳ ಅತಿ ಹೆಚ್ಚು ಸಾರಜನಕ ಎಳೆಯುವ ಹೊತ್ತಿಗೆ ಒದಗುವಂತೆ, ಮೊಣಕಾಲೆತ್ತರ ಬೆಳೆದಾಗ ಒಮ್ಮೆ, ಸೂಲಂಗಿ (ಗಿಡದ ತುದಿಯ ಗಂಡು ಹೂಗೊಂಚಲು) ಹೊರಡುವ ಮುನ್ನ ಇನ್ನೊಮ್ಮೆ, ಮಣ್ಣಿನಲ್ಲಿ ತೇವವಿರುವಾಗ ಕೊಟ್ಟು ಮಣ್ಣು ಏರಿಸಬೇಕು.

ಹೊಲದ ಒಂದು ಅಂಚಿನಲ್ಲಿ ನಾಲ್ಕು ಸಾಲಿಗೆ ಮಾತ್ರ ಯೂರಿಯಾ ಕಡಿಮೆ ಮಾಡದೆ ಪೂರ್ತಿ ಕೊಟ್ಟು ಗುರುತು ಹಾಕಿಡಿ. ಉಳಿದ ಪೈರಿನ ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ಹಳದಿಯಾಗುತ್ತಾ ಬಂದು, ಆ ನಾಲ್ಕು ಸಾಲು ಕಡುಹಸಿರಾಗಿಯೇ ನಿಂತಿದ್ದರೆ, ಉಳಿಸಿಟ್ಟ ಅರ್ಧ ಮೂಟೆಯನ್ನು ಸೂಲಂಗಿ ಬರುವ ಮೊದಲೇ ಕೊಟ್ಟುಬಿಡಿ. ತೆನೆಯ ಕೂದಲು ಒಣಗಿದ ಮೇಲೆ ಹಾಕಿದ ಯೂರಿಯಾದಿಂದ ಕಾಳು ತುಂಬುವುದಿಲ್ಲ.