ಮನೆಯಲ್ಲಿ ಬಸುರಿ ಇದ್ದಾಳಾ? ಮೊದಲು ಟಾರಸಿ ಹತ್ತಿ

ಮಂಗಳೂರಿನಲ್ಲಿ ಮಳೆ ಹಿಡಿಯಿತೆಂದರೆ ಮಲೇರಿಯಾ ಭಯವೂ ಶುರು. ಮನೆಯಲ್ಲಿ ಬಸುರಿ ಇದ್ದರೆ ಮೊದಲ ಕೆಲಸ ಟಾರಸಿ ಹತ್ತುವುದು. (ಹತ್ತಬೇಕಾದವನು ಗಂಡ, ಅವಳಲ್ಲ!) ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚ್ ಬಿಡಿ. ಸಣ್ಣ ಕಡ್ಡಿಯಂಥ ಹುಳು ನೀರಿನ ಮೇಲೆ ಅಡ್ಡ ಮಲಗಿದೆಯಾ? ಅದು ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಮರಿ. ತಲೆ ಕೆಳಗಾಗಿ ಜೋತುಬಿದ್ದಿದ್ದರೆ ಬೇರೆ ಜಾತಿಯ ಸೊಳ್ಳೆ. ಪೇಟೆಯ ಅನಾಫಿಲಿಸ್‌ಗೆ ಕೊಚ್ಚೆ ಬೇಡ, ಒಳ್ಳೆ ನೀರೇ ಬೇಕು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಅದಕ್ಕೇ ಡ್ರಮ್ಮು, ಬಕೆಟ್ಟುಗಳನ್ನು ವಾರಕ್ಕೊಮ್ಮೆ ಉಜ್ಜಿ ಒಣಗಿಸಿ. ಟ್ಯಾಂಕಿನ ಮುಚ್ಚಳ ಬಿಗಿಯಾಗಿರಲಿ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಕ್ಯೂರಿಂಗ್‌ಗೆ ನಿಲ್ಲಿಸಿದ ನೀರನ್ನೂ ನೋಡಿ. ಅವರಿಗೆ ಹೇಳಲು ಸಂಕೋಚ ಬೇಡ.

ಈ ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ. ಪರದೆ ಕಟ್ಟಿ, ಅಂಚನ್ನು ಹಾಸಿಗೆಯಡಿಗೆ ಸಿಕ್ಕಿಸಿ.

ಜ್ವರ ಬಂತಾ? ಸುಮ್ನೆ ಪ್ಯಾರಸಿಟಮಾಲ್ ನುಂಗಿ ಮಲಗಬೇಡಿ. ಅವತ್ತೇ ರಕ್ತ ಪರೀಕ್ಷೆ ಮಾಡಿಸಿ. ಮಲೇರಿಯಾ ಇದ್ದರೆ ಯಾವ ಬಗೆಯ ರೋಗಾಣು, ವೈವಾಕ್ಸೋ, ಫಾಲ್ಸಿಪಾರಮ್ಮೋ ಕೇಳಿ, ಚೀಟಿಯನ್ನು ತಾಯಿ ಕಾರ್ಡಿನಲ್ಲೇ ಇಡಿ. ಫಾಲ್ಸಿಪಾರಮ್ ಹೊಕ್ಕ ರಕ್ತಕಣಗಳು ಮಾಸಿಗೆ (ಪ್ಲಾಸೆಂಟಾ) ಅಂಟಿಕೊಂಡು ಅಲ್ಲೇ ಅಡಗುತ್ತವೆ. ಬೆರಳಿನ ರಕ್ತದಲ್ಲಿ ಏನೂ ಕಾಣದೆ ಹೋಗಬಹುದು. ಜ್ವರ ಬಿಡದಿದ್ದರೆ ಮತ್ತೆ ಪರೀಕ್ಷೆ ಮಾಡಿಸಿ. ತಾಯಿಗೆ ರಕ್ತ ಕಡಿಮೆಯಾಗುವುದು, ಮಗುವಿನ ತೂಕ ಇಳಿಯುವುದು ಹೀಗೆ ಮಾಸಿನಲ್ಲಿ ಅಡಗಿದ ರೋಗಾಣುವಿನಿಂದ. ಚೊಚ್ಚಲ ಬಸುರಿಯರಿಗೆ ಅಪಾಯ ಜಾಸ್ತಿ.

ವೈವಾಕ್ಸ್ ಆದರೆ ನಮ್ಮಲ್ಲಿ ಕ್ಲೋರೋಕ್ವಿನ್ ಇನ್ನೂ ಕೆಲಸ ಮಾಡುತ್ತದೆ. ಎರಡನೇ ದಿನ ಜ್ವರ ಬಿಟ್ಟರೂ ಮೂರು ದಿನದ ಮಾತ್ರೆ ಮುಗಿಸಿ. ಯಕೃತ್ತಿನಲ್ಲಿ ಮಲಗಿರುವ ವೈವಾಕ್ಸನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರ ಬಸುರಿಯರಿಗೆ ಕೊಡುವಂತಿಲ್ಲ. ಹಾಗಾಗಿ ಜ್ವರ ಮರುಕಳಿಸಬಹುದು. ಹೆರಿಗೆಯಾದ ಮೇಲೆ ಡಾಕ್ಟರಿಗೆ ನೀವೇ ನೆನಪಿಸಿ. ಫಾಲ್ಸಿಪಾರಮ್‌ಗೆ ಔಷಧ ಬೇರೆ. ಎಷ್ಟನೇ ತಿಂಗಳು ಅಂತ ನೋಡಿ ಡಾಕ್ಟರೇ ಬರೆಯಬೇಕು.

ಮಲೇರಿಯಾ ಬಾರದಂತೆ ಮೊದಲೇ ಒಂದು ಮಾತ್ರೆ ನುಂಗಿಬಿಟ್ಟರೆ ಆಗದಾ ಅಂತ ಕೇಳುವವರಿದ್ದಾರೆ. ಆಫ್ರಿಕಾದಲ್ಲಿ ಅದೇ ಪದ್ಧತಿ. 1993ರಲ್ಲಿ ಮಲಾವಿ ದೇಶ ಶುರು ಮಾಡಿತು. ನಾಲ್ಕನೇ ತಿಂಗಳಿನಿಂದ, ಕನಿಷ್ಠ ಒಂದು ತಿಂಗಳ ಅಂತರದಲ್ಲಿ, ನರ್ಸ್ ಎದುರೇ ಸಲ್ಫಾಡಾಕ್ಸಿನ್-ಪೈರಿಮೆಥಮಿನ್‌ ಎಂಬ ಮದ್ದಿನ ಮೂರು ಮಾತ್ರೆಗಳನ್ನು ಪ್ರತಿ ಸಲವೂ ಒಟ್ಟಿಗೆ ನುಂಗಬೇಕು. ರೋಗಾಣು ತನಗೆ ಬೇಕಾದ ಫೋಲೇಟ್ ಎಂಬ ವಿಟಮಿನ್ ತಯಾರಿಸದಂತೆ ಈ ಮದ್ದು ತಡೆಯುತ್ತದೆ. ಆದರೆ ಪೂರ್ವ ಆಫ್ರಿಕಾದ ಹಲವೆಡೆ ರೋಗಾಣುವಿನ ಜೀನ್ ಎಷ್ಟು ಬದಲಾಗಿದೆ ಎಂದರೆ ಮದ್ದಿಗೆ ಸರಿಯಾದ ಹಿಡಿತ ಸಿಗುತ್ತಿಲ್ಲ. ಜೊತೆಗೆ ಅದೇ ವಿಟಮಿನ್ನಿನ ಮಾತ್ರೆಯಾದ ಫೋಲಿಕ್ ಆಸಿಡ್ಡನ್ನು 5 ಮಿಲಿಗ್ರಾಂ ನುಂಗಿದರೆ ಇನ್ನೂ ಕಷ್ಟ, 0.4 ಮಿಲಿಗ್ರಾಂ ಆದರೆ ಅಡ್ಡಿಯಿಲ್ಲ. ನಮ್ಮ ಈಶಾನ್ಯ ರಾಜ್ಯಗಳಲ್ಲೂ ಚಿಕಿತ್ಸೆಯಲ್ಲಿ ಬಳಸುತ್ತಿದ್ದ ಇದೇ ಮದ್ದು ಸೋತಿದ್ದರಿಂದ 2013ರಲ್ಲಿ ಅಲ್ಲಿನ ಫಾಲ್ಸಿಪಾರಮ್ ಚಿಕಿತ್ಸೆಯನ್ನೇ ಬದಲಿಸಿದರು. ಭಾರತದಲ್ಲಿ ಬಸುರಿಯರಿಗೆ ಇಂಥ ಮುಂಚಿತ ಮಾತ್ರೆ ಕೊಡುವುದಿಲ್ಲ. ಮೆಡಿಕಲ್ಲಿನಲ್ಲಿ ಕೇಳಿ ತರಲೂ ಬೇಡಿ.

ಏಳನೇ ತಿಂಗಳಿಗೆ ತವರಿಗೆ ಹೊರಟರೆ ಪರದೆಯೂ ಬ್ಯಾಗಿನಲ್ಲಿರಲಿ. ಅಲ್ಲಿನ ಟ್ಯಾಂಕ್ ನೋಡುವ ಕೆಲಸ ತಮ್ಮನಿಗೆ ವಹಿಸಿ.