ಎಂಜಿನ್ ಇಳಿಸದೆ ಬಾನೆಟ್ಟಿನೊಳಗೆ ಬಣ್ಣ

ಮಾರುತಿ 800 ಕಾರಿನ ತಯಾರಿಕೆ 2014ರಲ್ಲೇ ನಿಂತಿದ್ದರೂ ನಮ್ಮ ಊರುಗಳಲ್ಲಿ ಅದರ ಓಡಾಟ ಇನ್ನೂ ನಿಂತಿಲ್ಲ. ಹೊರಮೈಗೆ ಒಂದೆರಡು ಸಲ ಬಣ್ಣ ಕಂಡ ಇಂಥ ಹಳೆಯ ಕಾರುಗಳ ಬಾನೆಟ್ ಎತ್ತಿದರೆ, ಎಣ್ಣೆಗೆ ಧೂಳು ಮೆತ್ತಿಕೊಂಡು ಗಟ್ಟಿಯಾದ ಕಪ್ಪು ಜಿಡ್ಡೂ ಬ್ಯಾಟರಿಯ ಕೆಳಗೆ ತುಕ್ಕು ತಿಂದ ತಗಡೂ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತವೆ. ಎಂಜಿನ್ ಕೆಳಗಿಳಿಸಿ ಮಾಡುವ ಪೂರ್ಣ ಕೆಲಸಕ್ಕೆ ಗ್ಯಾರೇಜೇ ಬೇಕು; ಆದರೆ ಎಂಜಿನ್ನನ್ನು ಇದ್ದಲ್ಲೇ ಬಿಟ್ಟು, ಕೈಗೆಟಕುವ ಭಾಗಕ್ಕೆ ಬಣ್ಣ ಕೊಡುವುದನ್ನು ತಾಳ್ಮೆಯುಳ್ಳವರು ಮನೆಯಲ್ಲೇ ಮಾಡಿಕೊಳ್ಳಬಹುದು. ಬಣ್ಣ ಹೊಡೆಯುವುದು ಅರ್ಧ ದಿನದ ಕೆಲಸ. ಆ ಬಣ್ಣ ನಿಲ್ಲುವುದೂ ಸುಲಿಯುವುದೂ ಅದಕ್ಕೆ ಮೊದಲು ತೊಳೆದು, ಉಜ್ಜಿ, ಮುಚ್ಚಿದ್ದರ ಮೇಲೆ ನಿಂತಿದೆ.

ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಬಾರದು. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬೇಗ ಆರುವ ಬಣ್ಣಗಳು ಮಂಕಾಗಿ ಬಿಳಿಚಿಕೊಳ್ಳುತ್ತವೆ. ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಲ್ಲಿ, ಗಾಳಿಯಾಡುವ ಆದರೆ ಧೂಳೇಳದ ನೆರಳಿನ ಜಾಗವನ್ನು ಆರಿಸಿಕೊಳ್ಳಬೇಕು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಮೊದಲು, ಪಾಸಿಟಿವ್ ತಂತಿಯನ್ನು ಅನಂತರ ಬಿಚ್ಚಿ, ಬ್ಯಾಟರಿಯನ್ನು ಹೊರಗೆ ತೆಗೆದಿಡಬೇಕು. ಏರ್ ಫಿಲ್ಟರ್ ಡಬ್ಬಿ, ವಾಷರ್ ನೀರಿನ ಡಬ್ಬಿ, ಹಾರ್ನ್‌ಗಳಂಥ ಸುಲಭವಾಗಿ ಬರುವ ಬಿಡಿಭಾಗಗಳನ್ನು ಕಳಚಿದರೆ ಸಾಕು. ಒಂದೊಂದನ್ನು ಬಿಚ್ಚುವ ಮುನ್ನ ಮೊಬೈಲಿನಲ್ಲಿ ಫೋಟೊ ತೆಗೆದು, ಪೈಪು ಮತ್ತು ವೈರುಗಳ ತುದಿಗೆ ಮಾಸ್ಕಿಂಗ್ ಟೇಪಿನ ಚೂರು ಅಂಟಿಸಿ ಅಂಕಿ ಬರೆಯಬೇಕು. ಕಾರ್ಬುರೇಟರ್ ಇರುವ ಹಳೆಯ ಮಾದರಿಗಳಲ್ಲಿ ಸಣ್ಣ ವ್ಯಾಕ್ಯೂಮ್ ಪೈಪುಗಳು ಅದಲುಬದಲಾಗುವುದು ಬಹಳ ಸುಲಭ. ಎಸಿ ಪೈಪುಗಳನ್ನು ಮಾತ್ರ ಬಿಚ್ಚಲೇಬಾರದು, ಅವುಗಳಲ್ಲಿ ಅನಿಲ ಒತ್ತಡದಲ್ಲಿರುತ್ತದೆ.

ತೊಳೆಯುವ ಮುನ್ನ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್, ಫ್ಯೂಸ್ ಡಬ್ಬಿ ಹಾಗೂ ಕಾರ್ಬುರೇಟರಿನ ಬಾಯಿಗೆ ಪ್ಲಾಸ್ಟಿಕ್ ಚೀಲ ಸುತ್ತಿ ಬಿಗಿಯಾಗಿ ಕಟ್ಟಬೇಕು. ದಪ್ಪ ಜಿಡ್ಡನ್ನು ಮೊದಲು ಮರದ ತುಂಡಿನಿಂದ ಕೆರೆದು ತೆಗೆದು, ಉಳಿದುದಕ್ಕೆ ಜಿಡ್ಡು ಕರಗಿಸುವ ಡಿಗ್ರೀಸರ್ ಸಿಂಪಡಿಸಿ, ಹತ್ತು ನಿಮಿಷ ಬಿಟ್ಟು, ಬ್ರಷ್‌ನಿಂದ ತಿಕ್ಕಬೇಕು. ಸೀಮೆಎಣ್ಣೆಯಲ್ಲಿ ತೊಳೆಯುವ ರೂಢಿ ಗ್ಯಾರೇಜುಗಳಲ್ಲಿದೆ. ಬೆಂಕಿಯ ಅಪಾಯ ಹಾಗಿರಲಿ, ಅದು ತನ್ನದೇ ಎಣ್ಣೆಯ ಪದರವನ್ನು ಬಿಟ್ಟುಹೋಗುವುದರಿಂದ ಮತ್ತೆ ಸೋಪಿನ ನೀರಿನಲ್ಲಿ ತೊಳೆಯದೆ ವಿಧಿಯಿಲ್ಲ. ಪ್ರೆಷರ್ ವಾಷರ್ ಬಳಸುವ ಆಸೆಯನ್ನು ಬಿಟ್ಟುಬಿಡುವುದು ಲೇಸು.

ತಗಡು ಸ್ವಚ್ಛವಾಯಿತೇ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಉಜ್ಜಿದ ಜಾಗದ ಮೇಲೆ ಶುದ್ಧ ನೀರು ಸುರಿದಾಗ ನೀರು ತೆಳ್ಳಗೆ ಹರಡಿ ಇಳಿದರೆ ಜಿಡ್ಡು ಹೋಗಿದೆ ಎಂದರ್ಥ. ಹನಿಹನಿಯಾಗಿ ಕೂತರೆ ಎಣ್ಣೆ ಇನ್ನೂ ಇದೆ. ಅದರಲ್ಲೂ ಬ್ರೇಕ್ ಮಾಸ್ಟರ್ ಸಿಲಿಂಡರಿನ ಕೆಳಗಿನ ಜಾಗವನ್ನು ಎರಡೆರಡು ಸಲ ನೋಡಬೇಕು. ಅಲ್ಲಿ ಒಸರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್ ಬಣ್ಣವನ್ನು ಮೆತ್ತಗಾಗಿಸಿ ಸುಲಿದುಬಿಡುತ್ತದೆ. ಸೋರಿಕೆಯನ್ನು ಮೆಕ್ಯಾನಿಕ್ಕಿನಿಂದ ಸರಿಪಡಿಸಿಕೊಳ್ಳದೆ ಬಣ್ಣ ಹೊಡೆದರೆ ದುಡ್ಡೂ ಶ್ರಮವೂ ದಂಡ.

ಬ್ಯಾಟರಿಯ ತಟ್ಟೆಗೆ ಬೇರೆಯೇ ಚಿಕಿತ್ಸೆ ಬೇಕು. ಅಲ್ಲಿನ ತುಕ್ಕಿಗೆ ಕಾರಣ ಬ್ಯಾಟರಿಯಿಂದ ಹೊರಬರುವ ಗಂಧಕಾಮ್ಲ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ ಸುರಿದರೆ ಬುರುಗು ಏಳುತ್ತದೆ. ಬುರುಗು ಬರುವುದು ನಿಲ್ಲುವವರೆಗೂ ಸುರಿದು, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಅನಂತರ ವೈರ್ ಬ್ರಷ್ ಮತ್ತು 80 ನಂಬರಿನ ಎಮರಿ ಪೇಪರ್‌ನಿಂದ ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಗುಳಿಗಳಲ್ಲಿ ಉಳಿದ ತುಕ್ಕಿಗೆ, ಅದನ್ನು ಹರಡದ ಗಟ್ಟಿ ಪದರವಾಗಿ ಮಾರ್ಪಡಿಸುವ ರಸ್ಟ್ ಕನ್ವರ್ಟರ್ ದ್ರಾವಣ ಹಚ್ಚಬೇಕು. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ತಗಡು ಒಳಗೆ ಕುಸಿದರೆ ಅದು ಪುಟ್ಟಿ ಮೆತ್ತಿ ಮುಚ್ಚುವ ವಿಷಯವಲ್ಲ, ವೆಲ್ಡಿಂಗ್ ಆಗಬೇಕಾದದ್ದು.

ಗಟ್ಟಿಯಾಗಿ ಹಿಡಿದುಕೊಂಡಿರುವ ಹಳೆಯ ಬಣ್ಣವನ್ನು ಕೆರೆದು ತೆಗೆಯಬೇಕಿಲ್ಲ. 320 ನಂಬರಿನ ವಾಟರ್ ಪೇಪರ್‌ನಲ್ಲಿ (ನೀರು ಹಾಕಿ ಉಜ್ಜುವ ಮರಳು ಕಾಗದ) ಹೊಳಪು ಸಾಯುವಷ್ಟು ಉಜ್ಜಿದರೆ ಸಾಕು. ಬಹಳಷ್ಟು ಕಾರುಗಳಲ್ಲಿ ಚಾಸಿ ನಂಬರ್ ಕೆತ್ತಿರುವುದು ಬಾನೆಟ್ಟಿನೊಳಗಿನ ತಗಡಿನ ಮೇಲೆಯೇ. ಹದಿನೈದು ವರ್ಷ ತುಂಬಿದ ಕಾರಿನ ನೋಂದಣಿ ನವೀಕರಣಕ್ಕೆ ಆರ್‌ಟಿಒ ಕಚೇರಿಯಲ್ಲಿ ಆ ನಂಬರನ್ನು ನೋಡುತ್ತಾರೆ, ಅದರ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದೂ ಉಂಟು. ಆದ್ದರಿಂದ ಅಲ್ಲಿ ಎಮರಿ ಪೇಪರ್ ತಾಗಿಸದೆ, ಪುಟ್ಟಿ ಹಚ್ಚದೆ, ಟೇಪಿನಿಂದ ಮುಚ್ಚಿಬಿಡಬೇಕು. ಬಣ್ಣದ ಸಂಕೇತವಿರುವ ತಗಡಿನ ಪಟ್ಟಿಯನ್ನೂ ಹಾಗೆಯೇ ಉಳಿಸಿಕೊಳ್ಳಬೇಕು. ಮಾರುತಿಯ ಪರಿಚಿತ ಬಿಳಿಯ ಸಂಕೇತ 26ಯು ಎಂಬಂತೆ, ನಿಮ್ಮ ಕಾರಿನ ಸಂಕೇತ ಹೇಳಿದರೆ ಬಣ್ಣದ ಅಂಗಡಿಯವರು ಅದನ್ನೇ ಬೆರೆಸಿಕೊಡುತ್ತಾರೆ.

ಇನ್ನು ಮುಚ್ಚುವ ಕೆಲಸ. ಎಂಜಿನ್ನಿಗೆ ದಪ್ಪ ಪ್ಲಾಸ್ಟಿಕ್ ಹಾಳೆ, ವೈರುಗಳ ಕಟ್ಟಿಗೆ ಅಲ್ಯೂಮಿನಿಯಂ ಫಾಯಿಲ್, ಫೆಂಡರ್ ಮತ್ತು ಗಾಜಿಗೆ ಹಳೆಯ ಪತ್ರಿಕೆ. ಪತ್ರಿಕೆಯ ಒಂದು ಹಾಳೆ ಸಾಲದು, ಥಿನ್ನರ್ ಒಸರಿ ಕೆಳಗಿಳಿಯುತ್ತದೆ. ಎರಡು ಪದರ ಹಾಕಿ. ಅರ್ಥ್ ವೈರುಗಳು ಕಾರಿನ ಮೈಯ ತಗಡಿಗೆ ಕೂಡುವ ಬೋಲ್ಟಿನ ಜಾಗವನ್ನೂ ಮರೆಯದೆ ಮುಚ್ಚಬೇಕು, ಏಕೆಂದರೆ ಬಣ್ಣದ ಮೂಲಕ ಕರೆಂಟ್ ಹರಿಯುವುದಿಲ್ಲ. ನೀರು ಇಳಿದುಹೋಗುವ ತೂತುಗಳು ಮಾತ್ರ ತೆರೆದೇ ಇರಲಿ.

ಗ್ಯಾರೇಜಿನಲ್ಲಿ ಹೊಡೆಯುವ, ಗಟ್ಟಿಗೊಳಿಸುವ ಹಾರ್ಡನರ್ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣ ಹೆಚ್ಚು ಬಾಳುತ್ತದೆಂಬುದು ನಿಜ. ಆದರೆ ಆ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ತೀವ್ರ ಹಾನಿ ಮಾಡಬಲ್ಲದು, ಬಟ್ಟೆಯ ಮಾಸ್ಕ್ ಅದನ್ನು ತಡೆಯದು. ಮನೆಯಲ್ಲಿ ಹಾರ್ಡನರ್ ಬೇಡದ ಸ್ಪ್ರೇ ಡಬ್ಬಿಯ ಬಣ್ಣವೇ ಸರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಇಂಗಾಲದ ಫಿಲ್ಟರ್ ಇರುವ ಮಾಸ್ಕ್, ಕನ್ನಡಕ, ಕೈಗವಸು ಬೇಕು. ಹತ್ತಿರ ದೀಪ, ಬೀಡಿ, ಒಲೆ ಯಾವುದೂ ಇರಬಾರದು.

ಬಣ್ಣದಂಗಡಿಯ ವ್ಯಾಕ್ಸ್ ರಿಮೂವರ್‌ನಲ್ಲಿ ತಗಡನ್ನು ಒರೆಸಿ, ಅದು ಆರುವ ಮುನ್ನವೇ ಇನ್ನೊಂದು ಒಣ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಲೋಹ ಕಾಣುವೆಡೆ ಬರಿಯ ಲೋಹಕ್ಕೆ ಕಚ್ಚಿಕೊಳ್ಳುವ ಎಚ್ (etch) ಪ್ರೈಮರ್, ಅದರ ಮೇಲೆ ಸಾಧಾರಣ ಪ್ರೈಮರ್. ಆರಿದ ಪ್ರೈಮರನ್ನು 600 ನಂಬರಿನ ವಾಟರ್ ಪೇಪರ್‌ನಲ್ಲಿ ಲಘುವಾಗಿ ಉಜ್ಜಿ, ಮತ್ತೆ ಒರೆಸಿದ ಮೇಲೆ ಬಣ್ಣ. ಡಬ್ಬಿಯನ್ನು ಎರಡು ನಿಮಿಷ ಚೆನ್ನಾಗಿ ಅಲುಗಾಡಿಸಿ, 20ರಿಂದ 25 ಸೆಂ.ಮೀ. ದೂರದಿಂದ, ಮೊದಲು ಮೂಲೆಗಳಿಗೆ, ಕೊನೆಗೆ ಬಯಲು ಭಾಗಕ್ಕೆ ತೆಳುವಾಗಿ ಹೊಡೆಯಬೇಕು. ಮೊದಲ ಕೋಟಿನಲ್ಲೇ ಎಲ್ಲವನ್ನೂ ಮುಚ್ಚಿಬಿಡಲು ಹೋದರೆ ಬಣ್ಣ ಇಳಿದು ಗೆರೆಗಟ್ಟುತ್ತದೆ. ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು ಮೂರು ಕೋಟು ಕೊಟ್ಟರೆ ಸಾಕು. ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಈ ಬಣ್ಣ ತಾಗಬಾರದು, ಕಾದಾಗ ಸುಟ್ಟು ಹೊಗೆಯಾಡುತ್ತದೆ.

ಒಂದು ದಿನ ಆರಿದ ಮೇಲೆ ಬಿಡಿಭಾಗಗಳನ್ನು ಜೋಡಿಸಿ, ಬ್ಯಾಟರಿಗೆ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ ಕೊಡಬೇಕು. ಬಣ್ಣ ಪೂರ್ತಿ ಗಟ್ಟಿಯಾಗಲು ವಾರವಾದರೂ ಹಿಡಿಯುವುದರಿಂದ ಅಲ್ಲಿಯವರೆಗೆ ನೀರು, ಪೆಟ್ರೋಲ್ ತಾಗಿಸಬಾರದು. ಸ್ಟಾರ್ಟರ್ ನಿಧಾನವಾಗಿ ತಿರುಗಿದರೆ ಅಥವಾ ಹೆಡ್‌ಲೈಟ್ ಮಂಕಾದರೆ ಬ್ಯಾಟರಿಯನ್ನು ದೂರುವ ಮೊದಲು ಅರ್ಥ್ ಬೋಲ್ಟನ್ನು ಬಿಚ್ಚಿ, ಅದರಡಿ ಬಣ್ಣದ ಪದರವೇನಾದರೂ ಸೇರಿದೆಯೇ ಎಂದು ನೋಡಿ ಕೆರೆಯಿರಿ.